ಆಸ್ಟ್ರೇಲಿಯಾಕ್ಕೆ ಜೋಳ ಸಾಲದೆ ಹೋದ ವರ್ಷ

ದಾವಣಗೆರೆಯ ಪಿ.ಜೆ. ಬಡಾವಣೆಯ ಅಕ್ಕನಾಗಮ್ಮನವರ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಮಣೆಯಿಂದ. ಮಾವ ತೀರಿಕೊಂಡ ಮೇಲೆ ಅತ್ತೆ ಚನ್ನವೀರಮ್ಮ ಹರಿಹರದ ಕಿರಿಯ ಮಗನ ಮನೆ ಸೇರಿದರು. ಹೋಗುವಾಗ ತಾವು ಕೂತು ಲಿಂಗಪೂಜೆ ಮಾಡುವ ಹಲಸಿನ ಮಣೆಯನ್ನೂ ಗಾಡಿಗೆ ಹಾಕಿಸಿಕೊಂಡರು. ಹಬ್ಬಕ್ಕೆ ದಾವಣಗೆರೆಗೆ ಬಂದರೆ ಮಣೆ ಬರುತ್ತಿರಲಿಲ್ಲ. ಚಾಪೆಯ ಮೇಲೆ ಪೂಜೆ ಮುಗಿಸಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ದೇವರ ಕೋಣೆಯಲ್ಲಿ ಮಣೆ ಇದ್ದ ಕಡೆ ನೆಲದ ಬಣ್ಣವೇ ಬೇರೆಯಾಗಿತ್ತು. ಅಕ್ಕನಾಗಮ್ಮ ದಿನಾ ಬೆಳಿಗ್ಗೆ ಆ ಜಾಗ ಒರೆಸುವಾಗ ಹರಿಹರದ ವಾರಗಿತ್ತಿಯನ್ನು ನೆನೆಯುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ನೆನೆಯುತ್ತಿರಲಿಲ್ಲ ಎಂದು ಅವರೇ ನನ್ನೆದುರು ಅಕ್ಕಿ ಆರಿಸುತ್ತ ಹೇಳಿದ್ದುಂಟು.

ಆ ವಾರಗಿತ್ತಿ ದ್ರಾಕ್ಷಾಯಣಮ್ಮ ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಅಕ್ಕನಾಗಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳುವವರು, ಮನೆಯ ಹಿರಿಯ ಸೊಸೆ. ಆದರೂ ಸಂತೆಯಲ್ಲಿ ಸಿಕ್ಕ ನೆಂಟರು, "ನಿಮ್ಮತ್ತಿ, ಆ ದಾಕ್ಷಾಣಿ ಕೈ ರೊಟ್ಟಿನ ಹೊಗಳಿದ್ದೇ ಹೊಗಳಿದ್ದು ನೋಡ್ರಿ" ಅನ್ನುವರು. ಅಂಥ ದಿನ ಅಕ್ಕನಾಗಮ್ಮನವರ ಮನೆಯಲ್ಲಿ ರೊಟ್ಟಿ ಸೀಯುತ್ತಿತ್ತು.

ಅರವತ್ತೊಂದರ ಜನಗಣತಿ ಬಂತು. ಅವರ ಬೀದಿಗೆ ಬರೆಯಲು ಬಂದವರು ಹುಡುಗರ ಶಾಲೆಯ ಮಾಲತೇಶಪ್ಪ ಮೇಷ್ಟ್ರು. ಜಗಲಿಯ ಮೇಲೆ ಕೂತು ಒಬ್ಬೊಬ್ಬರ ಹೆಸರೂ ಕೇಳಿದರು. ಗಂಡ ಪಂಚಾಕ್ಷರಪ್ಪ ಅರಳೆ ಅಂಗಡಿಗೆ ಹೋಗಿದ್ದರು. ಗಂಡನ ಹೆಸರು, ತಮ್ಮದು, ಮಕ್ಕಳದು ಹೇಳಿ ಮುಗಿಸಿದ ಅಕ್ಕನಾಗಮ್ಮ, "ನಮ್ಮತ್ತಿ ಚನ್ನವೀರಮ್ಮ, ಬರ್ಕಳ್ರಿ" ಅಂದರು.

"ಅವ್ರು ಹರಿಹರದಾಗೆ ಅದಾರಂತಲ್ರೀ?"

"ಹೋಗ್ತಾರೆ, ಬರ್ತಾರೆ. ಈಗ ಇಲ್ಲೇ ಅದಾರೆ. ಗುಡಿಗೆ ಹೋಗ್ಯಾರೆ."

ಮೇಷ್ಟ್ರು ಬರೆದುಕೊಂಡು ಎದ್ದರು. ಅತ್ತೆ ಆ ತಿಂಗಳಿಡೀ ಹರಿಹರ ಬಿಟ್ಟು ಕದಲಿರಲಿಲ್ಲ. ದ್ರಾಕ್ಷಾಯಣಮ್ಮನೂ ಅಲ್ಲಿ ಅತ್ತೆಯ ಹೆಸರು ಬರೆಸಿರುತ್ತಾಳೆ ಎಂಬುದು ಅಕ್ಕನಾಗಮ್ಮನವರಿಗೆ ಗೊತ್ತಿತ್ತು. ಬರೆಸಿಕೊಳ್ಳಲಿ, ಸರ್ಕಾರದ ಕಾಗದದಲ್ಲಾದರೂ ಅತ್ತೆ ಹಿರಿಯ ಸೊಸೆಯ ಮನೆಯಲ್ಲಿರಲಿ ಎಂದುಕೊಂಡರು. ಆ ದಿನ ನೆಲ ಒರೆಸುವಾಗ ಕೈ ಹಗುರವಾಗಿತ್ತಂತೆ.

ಅದೇ ತಿಂಗಳ ಕೊನೆಗೆ ಶಾಲೆಯಲ್ಲಿ ವಸ್ತುಪ್ರದರ್ಶನ. ಅಕ್ಕನಾಗಮ್ಮ ಅಂಗಳದ ತುಂಬ ರಂಗೋಲಿಯಲ್ಲಿ ಖಂಡಗಳನ್ನು ಬರೆಸಿದರು. ಒಂದು ಕೋಟಿ ಜನಕ್ಕೆ ಒಂದು ಚಮಚ ಜೋಳ. ಇಡೀ ಲೋಕದ ಜನಕ್ಕೆ ಎಷ್ಟು ಬೇಕೋ ಅಷ್ಟು ಜೋಳ ಮೊದಲೇ ಅಳೆದು ಬುಟ್ಟಿಗೆ ಹಾಕಿದ್ದರು. ಹುಡುಗಿಯರು ಏಷ್ಯಾದಿಂದ ಶುರುಮಾಡಿ ಸುರಿಯುತ್ತ ಬಂದರು. ದಕ್ಷಿಣ ಅಮೆರಿಕ ಅರೆಬರೆ ತುಂಬುವಷ್ಟರಲ್ಲಿ ಬುಟ್ಟಿ ಬರಿದಾಯಿತು. ಆಸ್ಟ್ರೇಲಿಯಾದ ಗೆರೆಯೊಳಗೆ ಒಂದು ಕಾಳೂ ಬೀಳಲಿಲ್ಲ.

ಹೊಲಿಗೆ ಕಲಿಸುವ ಶಹರ್ಬಾನು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನ್ರೀ ಅಕ್ಕೋರೆ, ಆಸ್ಟ್ರೇಲಿಯಾದವರೆಲ್ಲ ನೆಂಟರ ಮನಿಗೆ ಹೋದ್ರೇನು?"

"ಗುಬ್ಬಿ ತಿಂದಿರಬೇಕು" ಅಂದರು ಅಕ್ಕನಾಗಮ್ಮ.

"ಅಷ್ಟು ತಿಂದ ಗುಬ್ಬಿ ಹಾರಾಕಾದ್ರೂ ಆಗ್ತದೇನ್ರೀ?"

ಹುಡುಗಿಯರು ನಕ್ಕರು. ಅಕ್ಕನಾಗಮ್ಮ ಒಳಗೆ ಹೋಗಿ ಲೆಕ್ಕ ತೆಗೆದ ಎರಡು ಪುಸ್ತಕಗಳನ್ನೂ ಬಿಡಿಸಿದರು. ಯುರೋಪಿನ ಜನರನ್ನು ಹಳೆಯ ಪುಸ್ತಕದಿಂದ ತೆಗೆದಿದ್ದರು, ಏಷ್ಯಾದವರನ್ನು ಹೊಸದರಿಂದ. ಹಳೆಯದು ರಷ್ಯಾವನ್ನು ಪೂರ್ತಿ ಯುರೋಪಿಗೆ ಸೇರಿಸಿತ್ತು. ಹೊಸದು ಉರಲ್ ಬೆಟ್ಟಕ್ಕೆ ಗೆರೆ ಎಳೆದು, ಆಚೆಯ ಜನರನ್ನು ಏಷ್ಯಾಕ್ಕೆ ಕೊಟ್ಟಿತ್ತು. ಯಾವುದೂ ತಪ್ಪಲ್ಲ. ಖಂಡ ಎಲ್ಲಿಗೆ ಮುಗಿಯುತ್ತದೆ ಅನ್ನುವುದರಲ್ಲಿ ಎರಡಕ್ಕೂ ಬೇರೆ ಬೇರೆ ಮನಸ್ಸು, ಅಷ್ಟೆ. ಆದರೆ ಬೆಟ್ಟದಾಚೆಯ ಆ ಜನ ಅಂಗಳದಲ್ಲಿ ಎರಡು ಕಡೆಯೂ ಕೂತು ಉಂಡಿದ್ದರು. ಉಪವಾಸ ಬಿದ್ದದ್ದು ಆಸ್ಟ್ರೇಲಿಯಾ.

ಹೊರಗೆ ಬಂದು ಯುರೋಪಿನಿಂದ ಐದಾರು ಚಮಚ ಜೋಳ ತೆಗೆಸಿದರು. ದಕ್ಷಿಣ ಅಮೆರಿಕ ತುಂಬಿತು, ಆಸ್ಟ್ರೇಲಿಯಾಕ್ಕೂ ಒಂದೂವರೆ ಚಮಚ ದಕ್ಕಿತು. ನೋಡಲು ಬಂದವರು ಹೊಗಳಿದರು. ಅಕ್ಕನಾಗಮ್ಮನವರಿಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ. ಸಂಜೆ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಕಣ್ಣು ಅದರ ಮೇಲೆ ನಿಲ್ಲಲಿಲ್ಲವಂತೆ, ಮಣೆಯಿದ್ದ ಜಾಗಕ್ಕೇ ಹೋಗುತ್ತಿತ್ತಂತೆ.

ಮಾರ್ಚ್ ತಿಂಗಳು ಹುಟ್ಟಿತು. ಬರೆದದ್ದನ್ನು ಇನ್ನೊಮ್ಮೆ ನೋಡಿಕೊಂಡು ಹೋಗಲು ಮಾಲತೇಶಪ್ಪ ಮೇಷ್ಟ್ರು ಮತ್ತೆ ಬಂದರು. "ಎಲ್ಲಾ ಮೊದ್ಲಿನಂಗೇ ಐತೇನ್ರೀ? ಹುಟ್ಟಿದವರು, ಸತ್ತವರು?"

"ಯಾರೂ ಇಲ್ಲ. ಅತ್ತಿ ಹೆಸರು ಹೊಡೆದು ಹಾಕ್ರಿ."

ಮೇಷ್ಟ್ರು ತಬ್ಬಿಬ್ಬಾದರು. "ಅಯ್ಯೋ, ಯಾವಾಗ್ರೀ?"

"ಬಿಡ್ತು ಅನ್ರಿ. ಗಟ್ಟಿ ಅದಾರೆ. ಹರಿಹರದಾಗೆ ಅದಾರೆ. ಅವತ್ತೂ ಅಲ್ಲೇ ಇದ್ರು."

ಮೇಷ್ಟ್ರು ಮುಖ ನೋಡಲಿಲ್ಲ, ತಲೆ ಬಗ್ಗಿಸಿ ಗೀಟು ಹಾಕಿದರು. ಅಕ್ಕನಾಗಮ್ಮ ಒಳಗೆ ಹೋಗಿ, ಬಣ್ಣ ಬೇರೆಯಾದ ಆ ನೆಲವನ್ನು ಇನ್ನೊಮ್ಮೆ ಒರೆಸಿದರು. ಮರುದಿನ ರಜೆ ಹಾಕಿ ಹರಿಹರದ ಬಸ್ಸು ಹತ್ತಿದರು.

ದ್ರಾಕ್ಷಾಯಣಮ್ಮ ಬಾಗಿಲಲ್ಲೇ, "ಬರ್ರಿ ಅಕ್ಕಾ, ದಾರಿ ತಪ್ಪಿ ಬಂದ್ರೇನು?" ಅಂದರು. ಅತ್ತೆ ಹಿತ್ತಲಲ್ಲಿ ಹೂಬತ್ತಿ ಹೊಸೆಯುತ್ತಿದ್ದರು.

"ಅತ್ತಿ, ಯುಗಾದಿಗೆ ಬಂದು ಒಂದು ತಿಂಗಳು ನಮ್ಮನಿಯಾಗೆ ಇರ್ರಿ."

"ಬಂದು? ನೀನು ಶಾಲೆಗೆ, ಅವ್ನು ಅಂಗಡಿಗೆ. ನಾನು ಗೋಡೆ ಜೊತೆ ಮಾತಾಡ್ಲೇನು? ಇಷ್ಟು ವರ್ಷದಾಗೆ ಇರು ಅಂತ ಇವತ್ತೇ ಅಂದೀ ನೀನು."

ಅಕ್ಕನಾಗಮ್ಮ ಪಕ್ಕದಲ್ಲಿ ಕೂತು ಒಂದು ಬತ್ತಿ ಹೊಸೆದರು. ಅತ್ತೆ ತಾವಾಗಿ ಬರಬೇಕೆಂದು ಅವರು ಕಾದಿದ್ದರು, ಕರೆಯಲಿ ಎಂದು ಅತ್ತೆ ಕಾದಿದ್ದರು.

"ಬರ್ತೀನಿ ಬಿಡು" ಅಂದರು ಚನ್ನವೀರಮ್ಮ. "ಆ ಹಲಸಿನ ಮಣಿ ಮಾತ್ರ ಹೊತ್ಕಂಡು ಬರಾಕೆ ಆಗಲ್ಲ. ಇಲ್ಲೇ ಇರ್ಲಿ."

ಬಾಗಿಲ ಮರೆಯಲ್ಲಿ ದ್ರಾಕ್ಷಾಯಣಮ್ಮ ನಕ್ಕಂತಾಯಿತು. ಅಕ್ಕನಾಗಮ್ಮ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ, ಹಲಸಿನ ಮಣೆಯನ್ನು ಗೇಣು ಹಾಕಿ ಅಳೆದುಕೊಂಡು ಬಂದರು.

ದಾವಣಗೆರೆಯಲ್ಲಿ ಬಸ್ಸಿಳಿದವರು ಮನೆಗೂ ಹೋಗದೆ ಬಡಗಿ ಬಡೇಸಾಬರ ಅಂಗಡಿಗೆ ಹೋದರು.

"ಹಲಸಿಂದೇ ಬೇಕೇನ್ರೀ ಅಮ್ಮಾ? ಎತ್ತರ ಎಷ್ಟಿಡ್ಲಿ?"

"ಹಲಸಿಂದೇ. ವಯಸ್ಸಾದವರು ಕೂಡ್ರಾಕೆ" ಎಂದು ಗೇಣು ತೋರಿಸಿದ ಅಕ್ಕನಾಗಮ್ಮ ಸ್ವಲ್ಪ ಯೋಚಿಸಿದರು. "ಹರಿಹರದ್ದು ಇಷ್ಟು ಎತ್ತರ ಐತೆ. ಅದಕ್ಕಿಂತ ಒಂದು ಬೆರಳು ಏರಿಸ್ರಿ. ಕೂತು ಏಳಾಕೆ ಇದೇ ಸಲೀಸು ಅನ್ನಿಸ್ಬೇಕು ಅವ್ರಿಗೆ."