ನಾಟಕವಿಲ್ಲದ ನಾಂದಿ

ಯಾವುದೇ ಶುಭಕಾರ್ಯ ಶುರುವಾಗುವ ಹೊತ್ತಿಗೆ ನನ್ನ ಕೈಕಾಲು ತಣ್ಣಗಾಗುತ್ತವೆ. ಊಟದ ಹೊತ್ತಿಗೆ ಸರಿಹೋಗುತ್ತವೆ. ಮಕ್ಕಳೇ, ನೀವು ಇದನ್ನು ಬಿ.ಪಿ. ಅನ್ನುತ್ತೀರಿ. ಇದು ಬರೀ ಭಯ.

ನಿಮ್ಮ ತಾತ ಹೋದ ಮೇಲೆ ಹೊರಮಾವಿನಲ್ಲಿ ನೆಂಟರ ಗೃಹಪ್ರವೇಶವಾಯಿತು. ಹಸು ಒಳಗೆ ಬರುವಾಗ ನಾನು ಬಾಗಿಲಿಗೆ ಎದುರಾಗಿ ನಿಂತಿದ್ದೆ. ನಾದಿನಿ ಬಲು ಪ್ರೀತಿಯಿಂದ, "ಅತ್ತಿಗೆ, ನೀವು ಹಿಂದ್ಗಡೆ ಹೋಗಿ ಕಾಫಿ ಹಾಲು ನೋಡ್ಕೊಳ್ಳಿ, ಉಕ್ಕಿಬಿಡುತ್ತೆ" ಎಂದಳು. ಹೋಗಿ ನೋಡಿದರೆ ಹಾಲಿನವನು ಇನ್ನೂ ಬಂದೇ ಇರಲಿಲ್ಲ.

ಅಂದಿನಿಂದ ಯಾರಾದರೂ ಹೇಳುವ ಮೊದಲೇ ಹಿಂದೆ ಸರಿಯುವುದನ್ನು ಕಲಿತೆ. ಹಲಸೂರಿನ ಯಾವ ಛತ್ರದಲ್ಲಿ ಯಾವ ಕಂಬ ಮರೆಗೆ ನಿಲ್ಲುವಷ್ಟು ದಪ್ಪ ಎಂದು ನನ್ನನ್ನು ಕೇಳಬೇಕು.

ಮೆಟ್ರೊ ಇನ್ನೂ ಬಾರದ ಕಾಲ. ನಿಮ್ಮ ಅಕ್ಕ ರಮ್ಯ ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ, ಮೇಷ್ಟ್ರೊಬ್ಬರ ಬಳಿ ಇಂಗ್ಲಿಷ್ ಪಿಟೀಲು ಕಲಿಯುತ್ತಿದ್ದಳು. ತಿಂಗಳುಗಟ್ಟಲೆ ಒಂದೇ ತುಣುಕನ್ನು ಕುಯ್ಗುಟ್ಟಿಸಿದಳು.

"ಏನೇ ಇದು?"

"ಓವರ್ಚರ್ ಅಜ್ಜಿ. ನಾಟಕಕ್ಕೆ ಮುಂಚೆ ಬಾರಿಸೋದು."

"ನಾಂದಿ ಅನ್ನು. ನಾಟಕ ಯಾವತ್ತು?"

"ನಾಟಕ ಇಲ್ಲ, ಅದನ್ನ ಎಲ್ರೂ ಮರೆತ್ಬಿಟ್ರು. ಇದನ್ನೂ ಯಾರೂ ಬಾರಿಸಲ್ಲ. ಬರೆದೋನ ದೊಡ್ಡದೊಡ್ಡ ಕೃತಿಗಳೇ ಬೇಕು ಜನಕ್ಕೆ."

ಬರೆದವನು ಕಿವಿ ಕೆಟ್ಟರೂ ಬರೆಯುವುದನ್ನು ಬಿಡದ ಆ ಜರ್ಮನಿಯವನು. ತಲೆಗೂದಲು ಕೆದರಿದ ಅವನ ಚಿತ್ರ ರಮ್ಯಳ ಕೋಣೆಯಲ್ಲಿತ್ತು. ಕಸ ಗುಡಿಸಲು ಹೋದಾಗೆಲ್ಲ ಗದರಿದಂತೆ ನೋಡುತ್ತಿದ್ದ. ಯಾವುದೋ ಊರಿನ ಹೊಸ ನಾಟಕಶಾಲೆಗೆಂದು ಇದನ್ನು ಬರೆದನಂತೆ. ನಾಟಕ ಹೋಯಿತು, ನಾಂದಿ ಒಂಟಿಯಾಗಿ ಉಳಿಯಿತು. ಅದನ್ನು ಕೇಳಿದ ಮೇಲೆ ಅವನ ಮೇಲೆ ನನಗೆ ಸ್ವಲ್ಪ ಸಲುಗೆ ಬಂತು.

ಕಛೇರಿಯ ದಿನ ರಮ್ಯ ಒಂದು ಮಾತು ಹೇಳಿದಳು. "ಶುರುವಲ್ಲಿ ನಾಲ್ಕು ಸಲ ಕೂಗಿ ಕರೆದ ಹಾಗೆ ಬರುತ್ತೆ ಅಜ್ಜಿ. ಮಧ್ಯೆ ಮಧ್ಯೆ ಪೂರ್ತಿ ಮೌನ. ಅಲ್ಲಿ ನನ್ನ ಕಮಾನು ತಂತಿಗೆ ತಗುಲಿದ್ರೆ ಹಾಲ್‌ಗೆಲ್ಲ ಕೇಳ್ಸುತ್ತೆ. ನೀನು ಮುಂದೆ ಕೂತ್ಕೋ. ನಿನ್ನ ಮುಖ ನೋಡ್ಕೊಂಡು ಶುರು ಮಾಡ್ತೀನಿ."

ಶುರುವಿಗೆ ನನ್ನ ಮುಖ! ಅದರಿಂದ ಮಗು ಬಾರಿಸುವುದರಲ್ಲಿ ತಪ್ಪಿದರೆ? ಬಾಯಲ್ಲಿ "ಆಯ್ತು ಬಿಡೇ" ಎಂದೆ. ಚರ್ಚಿನ ಪಕ್ಕದ ಕಛೇರಿಯ ಹಾಲ್‌ಗೆ ಹೋದೊಡನೆ ಕಾಲುಗಳು ತಾವಾಗಿಯೇ ಒಂದು ಕಂಬವನ್ನು ಹುಡುಕಿಕೊಂಡವು. ಕಬ್ಬಿಣದ ಮಡಚುವ ಕುರ್ಚಿಯಲ್ಲಿ ಮುದುರಿ ಕೂತೆ.

ಮೇಷ್ಟ್ರು ವಾದ್ಯಮೇಳದ ಮುಂದೆ ನಿಂತು ಕೈ ಎತ್ತಿದರು. ರಮ್ಯಳ ಕಣ್ಣು ಮುಂದಿನ ಸಾಲಿನಲ್ಲಿ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಯಿತು, ಮತ್ತೆ ವಾಪಸು ಬಂತು. ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಮುಖ. ಮೊದಲ ಕರೆ ಮೊಳಗಿತು. ಆಮೇಲೆ ಮೌನ. ಅವಳ ಕಮಾನಿನ ತುದಿ ನಡುಗುವುದು ಅಷ್ಟು ದೂರದಿಂದಲೂ ಕಂಡಿತು.

ನನ್ನ ಮುಖದ ಭಯ ದೊಡ್ಡದೋ, ಆ ಕಮಾನಿನ ಭಯ ದೊಡ್ಡದೋ ಎಂದು ತೂಗಿ ನೋಡಲು ಪುರುಸೊತ್ತಿರಲಿಲ್ಲ. ಎದ್ದುಬಿಟ್ಟೆ. ಕುರ್ಚಿ ಕಿರ್ರೆಂದು ಅರಚಿತು.

ಇಡೀ ಹಾಲ್ ನನ್ನ ಕಡೆ ತಿರುಗಿತು. ರಮ್ಯಳೂ ನೋಡಿದಳು. ಸೆರಗು ಬಿಗಿಹಿಡಿದು ಕಂಬದ ಪಕ್ಕ ಕಳ್ಳಿಯಂತೆ ನಿಂತ ಅಜ್ಜಿಯನ್ನು ಕಂಡು ತುಟಿ ಕಚ್ಚಿ ನಗು ತಡೆದಳು. ಕಮಾನಿನ ನಡುಕ ನಿಂತಿತು. ಎರಡನೆಯ ಕರೆ ಸರಿಯಾಗಿ ಬಂತು, ಮೂರನೆಯದೂ ನಾಲ್ಕನೆಯದೂ ಬಂದವು. ಹಿಂದೆಯೇ ಕೊಳಲು ಮೆಲ್ಲಗೆ ನಡೆದುಬಂತು. ಮನೆಯಲ್ಲಿ ಕುಯ್ಗುಟ್ಟುತ್ತಿದ್ದ ತುಣುಕು ಉಳಿದ ವಾದ್ಯಗಳ ಜೊತೆ ಸೇರಿದಾಗ, ಇಂಥದ್ದನ್ನು ಜನ ಹೇಗೆ ಮರೆತರು ಅನ್ನಿಸಿತು.

ಆಮೇಲೆ ರಮ್ಯ, "ಇಡೀ ಓವರ್ಚರಲ್ಲಿ ತಪ್ಪು ಸದ್ದು ಮಾಡಿದ್ದು ನೀನೊಬ್ಳೇ ಅಜ್ಜಿ" ಎಂದು ಆಡಿಕೊಂಡಳು. ಎರಡನೆಯ ಸಲ ಬಾರಿಸುವ ಮುಂಚೆ ನನ್ನ ಕೈ ಹಿಡಿದು ಎಲ್ಲರೆದುರೇ ಕೂರಿಸಿ ಹೋದಳು.

ಭಯ ಹೋಯಿತೆಂದು ತಿಳಿಯಬೇಡಿ. ಅದೂ ನನ್ನ ಜೊತೆಗೇ ಬಂದು ಮುಂದಿನ ಸಾಲಿನಲ್ಲಿ ಕೂತು, ಪಾಪ, ಕೊನೆಯವರೆಗೂ ಸಂಗೀತ ಕೇಳಿತು.