ಒಂದೊಂದೇ ಸಾಲು ತೋರಿಸಿದ ಆಪಾ

ಮೊನ್ನೆ ನಮ್ಮ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಜತ್ತ ಪೇಟೆಯ ಟೇಲರ್ ಅಂಗಡಿ, ಅದರ ಮೂಲೆಯಲ್ಲೊಂದು ಕಂಪ್ಯೂಟರ್, ಪಕ್ಕದಲ್ಲಿ ಆಪಾ...

ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತ ಬಂದಿತ್ತು. ಟೇಲರ್ ಹೆಂಡತಿಯನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಗಂಡ ಬಟ್ಟೆ ಹೊಲಿಯುತ್ತಿದ್ದರೆ ಆಪಾ ಆ ಮೂಲೆಯಲ್ಲಿ ಬಂದವರ ಕೈಯಿಂದಲೇ ಆನ್‌ಲೈನ್ ಅರ್ಜಿ ತುಂಬಿಸುತ್ತಿದ್ದರು. ನಾನು ನರ್ಸಿಂಗ್ ಮುಗಿಸಿ ನಮ್ಮೂರು ಬೆಳುಂಕಿಯ ಮನೆಯಲ್ಲಿದ್ದೆ. ನರ್ಸ್ ನೌಕರಿಗೆ ಅರ್ಜಿ ಹಾಕಲು ಅಂದು ಕಡೆಯ ದಿನ, ಸಂಜೆ ಐದಕ್ಕೆ ಮುಕ್ತಾಯ. ನಾನು ಅಂಗಡಿ ಮುಟ್ಟಿದಾಗ ಮೂರು ದಾಟಿತ್ತು. ಅಲ್ಲಿಯವರೆಗೆ ಕಂಪ್ಯೂಟರನ್ನು ಕೈಯಿಂದ ಮುಟ್ಟಿದವಳೇ ಅಲ್ಲ.

ಪರದೆಯ ತುಂಬ ಇಂಗ್ಲಿಷ್ ಕಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಆಪಾ ಮೊದಲು ಒಂದು ಹಾಳೆ ಕೊಟ್ಟರು. ಪರದೆಯ ಮೇಲಿನ ಶಬ್ದಗಳನ್ನು ಅದರಲ್ಲಿ ಹಾಗೇ ಬರೆದು, ಪ್ರತಿಯೊಂದೂ ಏನು ಕೇಳುತ್ತದೆಂದು ಪಕ್ಕದಲ್ಲಿ ಕನ್ನಡದಲ್ಲಿ ಗೀಚಿದ್ದರು. ನಾನು ಎಲ್ಲವನ್ನೂ ಅದರಲ್ಲಿ ತುಂಬಿದ ಮೇಲೆ ಪರದೆಗೆ ಒಂದು ರಟ್ಟು ಹಿಡಿದರು. ನಡುವೆ ಅಡ್ಡಕ್ಕೆ ಸೀಳು ಬಿಟ್ಟ ರಟ್ಟು. ಅದರೊಳಗಿಂದ ಒಂದೇ ಸಾಲು ಕಾಣುತ್ತಿತ್ತು.

"ಇದೊಂದ ನೋಡು ತಂಗಿ. ಉಳಿದದ್ದು ಇಲ್ಲಂತ ತಿಳಿ," ಎಂದರು.

ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಅರ್ಧ ಮುಗಿಸಿದ್ದೆ. ಕರೆಂಟ್ ಹೋಯಿತು. ಬಂದಾಗ ನಾಲ್ಕೂವರೆ. ತುಂಬಿದ್ದೆಲ್ಲ ಅಳಿಸಿಹೋಗಿತ್ತು.

"ನೀವs ಹೊಡೀರಿ ಆಪಾ, ಟೈಮ್ ಇಲ್ರಿ," ಎಂದೆ.

ಈ ಸಲ ಹಾಳೆ ನೋಡಿಕೊಂಡು ಹೆಸರು, ಊರು, ಹುಟ್ಟಿದ ತಾರೀಖು ಎಲ್ಲವನ್ನೂ ಆಪಾ ಸರಸರನೆ ತುಂಬಿದರು. ಆದರೆ ಪಾಸ್‌ವರ್ಡಿನ ಸಾಲು ಬಂದೊಡನೆ ಕೈ ತೆಗೆದು ಕುರ್ಚಿ ಬಿಟ್ಟೆದ್ದರು.

"ಇದು ನಿಂದು. ನೀನs ಹಾಕಬೇಕು. ನನಗ ಗೊತ್ತಾಗಬಾರದು."

ನಾನು ಒತ್ತಿದ್ದೆಲ್ಲ ಚುಕ್ಕಿಯಾಗಿ ಬೀಳುತ್ತಿತ್ತು. ಎರಡನೇ ಸಲ ಹಾಕಿದ್ದು ಮೊದಲಿನದಕ್ಕೆ ಹೊಂದಲಿಲ್ಲ. ಮತ್ತೆ ಹಾಕಿದೆ, ಮತ್ತೆ ಕೆಂಪು ಅಕ್ಷರ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ನನ್ನ ನೌಕರಿ ಹೋದ್ರ ನೀವು ಕೊಡ್ತೀರೇನ್ರಿ?" ಎಂದು ಕೂಗಿದೆ. ಹೊಲಿಗೆ ಮಷೀನು ನಿಂತಿತು.

ಆಪಾ ಬೈಯಲಿಲ್ಲ. ಬೇರೊಂದು ಖಾಲಿ ಪುಟ ತೆರೆದು, "ಇಲ್ಲಿ ಹೊಡದು ನೋಡು, ಅಕ್ಷರ ಕಾಣ್ತಾವ. ಕೈಗೆ ಕುಂತ ಮ್ಯಾಲೆ ಅಳಿಸಿ, ಅಲ್ಲಿ ಹಾಕು," ಎಂದು ಬೆನ್ನು ತಿರುಗಿಸಿ ನಿಂತರು. ನಾಲ್ಕು ಸಲ ಒತ್ತಿ ನೋಡಿದೆ, ಅಳಿಸಿದೆ. ಆಮೇಲೆ ಹಾಕಿದ್ದು ಹೊಂದಿತು. ಅರ್ಜಿ ಹೋದಾಗ ಐದಕ್ಕೆ ಎರಡು ನಿಮಿಷವಿತ್ತು. ಆಪಾ ತಮ್ಮ ಮೇಲ್ ವಿಳಾಸವನ್ನು ಚೀಟಿಯಲ್ಲಿ ಬರೆದು, "ಏನಾತಂತ ತಿಳಸು," ಎಂದರು. ನಾನು ಮುಖ ಬಿಗಿದುಕೊಂಡೇ ಮೆಟ್ಟಿಲಿಳಿದೆ.

ಎರಡು ತಿಂಗಳ ನಂತರ ನಮ್ಮೂರ ಶಾಲೆಯ ಕಂಪ್ಯೂಟರಿನಲ್ಲಿ ನಾನೇ ಆ ಪಾಸ್‌ವರ್ಡ್ ಹಾಕಿ ಅರ್ಜಿಯ ಪುಟ ತೆರೆದಾಗ ಸಂದರ್ಶನದ ಪತ್ರ ಬಂದಿತ್ತು. ಸಂದರ್ಶನಕ್ಕೆ ಉಳಿದದ್ದು ಮೂರೇ ದಿನ. ಡಫಳಾಪುರದ ನನ್ನ ಇಬ್ಬರು ಗೆಳತಿಯರು ಬೇರೊಂದು ಅಂಗಡಿಯಲ್ಲಿ ಅರ್ಜಿ ಹಾಕಿಸಿದ್ದರು. ಅವರ ಪಾಸ್‌ವರ್ಡ್ ಆ ಅಂಗಡಿಯವನ ಬಳಿಯೇ ಇತ್ತು, ಅವನು ಬಾಗಿಲು ಹಾಕಿಕೊಂಡು ಊರಿಗೆ ಹೋಗಿದ್ದ. ಅವರಿಗೆ ಪತ್ರ ಕಂಡದ್ದು ದಿನ ಮೀರಿದ ಮೇಲೆ. ನಾನು ಹೋಗಿ ಬಂದೆ, ನೌಕರಿ ಸಿಕ್ಕಿತು. ಆಪಾ ಯಾಕೆ ಕುರ್ಚಿ ಬಿಟ್ಟೆದ್ದರೆಂದು ಆಗ ತಿಳಿಯಿತು.

ಹೇಳಬೇಕು, ಕ್ಷಮೆ ಕೇಳಬೇಕು ಅಂದುಕೊಂಡೆ. ಡ್ಯೂಟಿ, ಮದುವೆ, ಮಕ್ಕಳು... ಕಡೆಗೊಮ್ಮೆ ಅಂಗಡಿಗೆ ಹೋದಾಗ ಆಪಾ ಅವರ ಗಂಡ ಒಬ್ಬರೇ ಬಟ್ಟೆ ಕತ್ತರಿಸುತ್ತಿದ್ದರು.

"ಆಕಿ ತೀರಿ ಹೋಗಿ ಎರಡ ವರ್ಷ ಆತು ತಂಗಿ," ಎಂದರು. ಆಮೇಲೆ ನನ್ನನ್ನೇ ದಿಟ್ಟಿಸಿ ಕೇಳಿದರು: "ನೀ ಬೆಳುಂಕಿಯಾಕಿ ಅಲ್ಲೇನು? ನಿನಗ ನೌಕರಿ ಸಿಕ್ಕಿತೋ ಇಲ್ಲೋ ಅಂತ ಭಾಳ ದಿನ ಕೇಳತಿದ್ಲು."

ಹೌದು, ಸಿಕ್ಕಿತ್ತು. ಅಷ್ಟನ್ನು ಹೇಳಲು ಒಂದು ಸಾಲು ಸಾಕಾಗಿತ್ತು. ಈಗ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟೋ ಮೇಲ್ ಬರೆಯುತ್ತೇನೆ. ಆಪಾಗೆ ಮಾತ್ರ ಬರೆಯಲೇ ಇಲ್ಲ.