ಮೂಗು ಕೈಕೊಟ್ಟ ಮೇಲೆ

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಯಾರ ಮನೆಗೆ ಹೋದರೂ ಎರಡನೆಯ ದಿನದೊಳಗೆ ಎಲ್ಲರೂ ಅವಳನ್ನು ಅಕ್ಕ ಎಂದು ಕರೆಯತೊಡಗುತ್ತಿದ್ದರು, ಅವಳಿಗಿಂತ ವಯಸ್ಸಾದವರು ಕೂಡ. ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಾಯಿಸುವುದು. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ಶುರುಮಾಡಿದ್ದು, ಹಿಡಿದ ಕೆಲಸ ಹಾಗೇ ಅಂಟಿಕೊಂಡಿತು.

ಈ ಕೆಲಸದಲ್ಲಿ ಅರ್ಧ ದುಡಿಮೆ ಕೈಗಳದ್ದಾದರೆ ಇನ್ನರ್ಧ ಮೂಗಿನದು. ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಅಕ್ಕನಿಗೆ ಗೊತ್ತಾಗಿಬಿಡುತ್ತಿತ್ತು, ಹಾಸಿಗೆ ಒದ್ದೆಯಾಗಿದೆಯೋ ಇಲ್ಲವೋ, ಬೆನ್ನಿನ ಹುಣ್ಣು ಮಾಯುತ್ತಿದೆಯೋ ಕೆಡುತ್ತಿದೆಯೋ ಎಂದು. ಅದನ್ನೊಂದು ವಿದ್ಯೆಯೆಂದು ಅವಳು ಎಣಿಸಿರಲಿಲ್ಲ. ನಡೆಯುವಾಗ ಹಿಮ್ಮಡಿಯನ್ನು ಯಾರು ನೆನೆಯುತ್ತಾರೆ?

ಆಗ ಅವಳು ನೋಡಿಕೊಳ್ಳುತ್ತಿದ್ದದ್ದು ಟೀಚರಮ್ಮನನ್ನು. ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನವೆಲ್ಲ ಲೆಕ್ಕ ಹೇಳಿಕೊಟ್ಟವರು. ಪಾರ್ಶ್ವವಾಯು ಬಡಿದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು, ಸೊಂಟದ ಕೆಳಗಿನದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಾಲಿಗೆ ಮಾತ್ರ ಎಳ್ಳಷ್ಟೂ ಮೊಂಡಾಗಿರಲಿಲ್ಲ. ಅವರ ಮಗಳಿಗೆ ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದಳು. ಮೂರನೆಯ ಮಹಡಿಯ ಆ ಮನೆಯಲ್ಲಿ ಹಗಲೆಲ್ಲ ಇಬ್ಬರೇ. ಐವತ್ತು ದಾಟಿದ ಅಕ್ಕನನ್ನು ಟೀಚರಮ್ಮ ಕರೆಯುತ್ತಿದ್ದದ್ದು 'ಹುಡುಗಿ' ಎಂದು.

ಅವರಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಂದು ಒಪ್ಪಂದವಿತ್ತು. ಹಾಸಿಗೆಯಲ್ಲೇ ಆಗಿಹೋದಾಗ ಟೀಚರಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದರು. ಅಕ್ಕ ಏನೂ ಕೇಳದೆ ಬಿಸಿನೀರಿನ ಬೇಸಿನ್ನು ತಂದು, ಕೆಳಗಿನ ಮನೆಯ ನಾಯಿಯ ವಿಷಯವನ್ನೋ ಲಿಫ್ಟು ಕೆಟ್ಟ ವಿಷಯವನ್ನೋ ಹೇಳುತ್ತ ಎಲ್ಲ ಮುಗಿಸಿಬಿಡುತ್ತಿದ್ದಳು. ಆದದ್ದು ಏನೆಂದು ಇಬ್ಬರೂ ಒಂದು ದಿನವೂ ಹೆಸರಿಟ್ಟು ಹೇಳಿದವರಲ್ಲ.

ಆ ವರ್ಷ ಕೊರೊನಾ ಅವಳ ಮನೆಗೂ ಬಂತು. ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದವನು. ಶಾಲೆಗಳಿಗೆ ಬೀಗ ಬಿದ್ದ ಮೇಲೆ ಅದೇ ವ್ಯಾನಿನಲ್ಲಿ ಅಂಗಡಿಗಳಿಗೆ ಸಾಮಾನು ಹಾಕುತ್ತಿದ್ದ. ಎಲ್ಲಿಂದ ತಂದನೋ, ಇಬ್ಬರೂ ಒಟ್ಟಿಗೆ ಮಲಗಿದರು. ಗಂಡನಿಗೆ ಜ್ವರ ಜೋರು. ಅವಳಿಗೆ ಮೈಕೈ ನೋವು, ಒಂದಿಷ್ಟು ಕೆಮ್ಮು, ಅಷ್ಟೇ. ಪುಣ್ಯಕ್ಕೆ ಇಷ್ಟರಲ್ಲೇ ಹೋಯಿತು ಎಂದುಕೊಂಡಳು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಪೇಸ್ಟು ಬಾಯಲ್ಲಿ ಸೀಮೆಸುಣ್ಣದ ಹಾಗಾಯಿತು. ಹೊರಗೆ ಬಂದರೆ ಅಡುಗೆಮನೆಯಲ್ಲಿ ಗಂಡ ಕೆಮ್ಮುತ್ತ ಕಿಟಕಿ ತೆಗೆಯುತ್ತಿದ್ದ.

"ಏನ್ರೀ ಆಯ್ತು?"

"ಬೆಳ್ಳುಳ್ಳಿ ಸೀದು ಕರಿಕಲಾಯ್ತು. ಮನೆಯೆಲ್ಲ ನಾರ್ತಾ ಇದೆ, ನಿನಗೆ ಗೊತ್ತಾಗ್ತಿಲ್ವಾ?"

ಗೊತ್ತಾಗುತ್ತಿರಲಿಲ್ಲ. ಅವಳು ಬಾಣಲೆಗೆ ಮೂಗು ತಾಗಿಸಿದಳು. ಬಿಸಿ ಇತ್ತು, ವಾಸನೆ ಇರಲಿಲ್ಲ. ನಿಂಬೆಹಣ್ಣು ಹಿಂಡಿ ಮೂಸಿದಳು, ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದಳು, ಕೊನೆಗೆ ಗಂಡನ ಬೆವರಿದ ಬನಿಯನ್ನನ್ನೂ ಬಿಡಲಿಲ್ಲ. ಎಲ್ಲ ಒಂದೇ. ಅನ್ನ ಒದ್ದೆ ಕಾಗದ ಅಗಿದಂತೆ, ಕಾಫಿ ಬರೀ ಬಿಸಿನೀರು.

"ನಿನ್ನ ಕೆಲಸಕ್ಕೆ ಇದೇ ಒಳ್ಳೇದು ಕಣೇ," ಗಂಡ ನಗಿಸಲು ನೋಡಿದ. "ದೇವರೇ ಮೂಗು ಮುಚ್ಚಿ ಕಳಿಸ್ತಿದ್ದಾನೆ."

ನಿಜ ಹೇಳಬೇಕೆಂದರೆ ಅವಳಿಗೂ ಒಂದು ಗಳಿಗೆ ಹಾಗೇ ಅನಿಸಿತ್ತು. ಇಷ್ಟು ವರ್ಷ ಎಷ್ಟು ನಾತ ಕುಡಿದಿಲ್ಲ ಈ ಮೂಗು, ನಾಲ್ಕು ದಿನ ರಜೆ ಹಾಕಲಿ. ಫೋನಿನಲ್ಲಿ ವಿಚಾರಿಸಿದವರೆಲ್ಲ 'ಒಂದೆರಡು ವಾರದಲ್ಲಿ ತಾನೇ ಬರುತ್ತೆ' ಎಂದಿದ್ದರು. ಗಂಡನಿಗೂ ಜ್ವರದ ಶುರುವಿನಲ್ಲಿ ಹೋಗಿತ್ತು, ಅವನಿಗೆ ಬೇಗ ಬಂದಿತ್ತು. ಹಾಗಾಗಿ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲವೆಂದಾದ ಮೇಲೆ ಕೆಲಸಕ್ಕೆ ಮರಳಿದಾಗ ಅವಳು ಈ ವಿಷಯ ಎತ್ತಲೇ ಇಲ್ಲ. ಹೇಳಿ ಸುಮ್ಮನೆ ಅವರ ತಲೆಗೂ ಯಾಕೆ ಹುಳ ಬಿಡುವುದು ಎಂದು.

ಮಹಡಿ ಹತ್ತುವಾಗಲೇ ಕಾಲು ಸೋಲುತ್ತಿತ್ತು. ಮೊದಲೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದವಳು ಈಗ ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಲ್ಲಬೇಕು. ಟೀಚರಮ್ಮನನ್ನು ಎತ್ತಿ ಕೂರಿಸಿದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಗಂಡಾಂತರವಾದದ್ದು ಆ ವಾರದ ಕೊನೆಯಲ್ಲಿ. ಬೆಳಿಗ್ಗೆ ತರಕಾರಿ ಬೇಯಿಸಿ ಸೂಪು ಮಾಡಿ ಕುಡಿಸಲು ಹೋದಳು. ಮೊದಲ ಚಮಚಕ್ಕೇ ಟೀಚರಮ್ಮ ಮುಖ ಸಿಂಡರಿಸಿದರು.

"ಇದೇನು ಸೂಪೋ ಸಮುದ್ರವೋ? ರುಚಿ ನೋಡಿದ್ಯಾ?"

"ನೋಡಿದೆ ಟೀಚರಮ್ಮ."

"ಸುಳ್ಳು. ಬಿ.ಪಿ. ಇರೋ ಮುದುಕಿಗೆ ಇಷ್ಟು ಉಪ್ಪು ಹಾಕಿ ಎಲ್ಲಿಗೆ ಕಳಿಸ್ಬೇಕು ಅಂತಿದ್ದೀಯಾ? ಗಮನ ಎಲ್ಲಿಟ್ಟಿದ್ದೀಯಾ ಹುಡುಗಿ?"

ಅಕ್ಕ ನಿಜಕ್ಕೂ ರುಚಿ ನೋಡಿದ್ದಳು. ನಾಲಿಗೆಗೆ ಏನೂ ಹತ್ತದೆ ಮತ್ತೊಮ್ಮೆ ಉಪ್ಪು ಹಾಕಿದ್ದಳು. ಮಾತು ಬೆಳೆಸುವ ತ್ರಾಣವಿಲ್ಲದೆ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಗಂಜಿ ಮಾಡಿ ತಂದು ಕುಡಿಸಿದಳು. ಇಬ್ಬರೂ ಮಾತಾಡಲಿಲ್ಲ. ಮಧ್ಯಾಹ್ನ ಅಕ್ಕ ಕುರ್ಚಿಯಲ್ಲಿ ಕೂತು ಬಟ್ಟೆ ಮಡಿಸಿದಳು, ಮಾತ್ರೆ ಕೊಟ್ಟಳು, ಕೂತಲ್ಲೇ ತೂಕಡಿಸಿದಳು. ಟೀಚರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿದೆ, ಎಬ್ಬಿಸಿ ಮತ್ತೆ ಬೈಸಿಕೊಳ್ಳುವುದೇಕೆ ಎಂದು ಅಕ್ಕ ಹೊದಿಕೆ ಸರಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ಸಂಜೆ ಮಗಳು ಬಾಗಿಲು ತೆಗೆದವಳು ಅಲ್ಲೇ ನಿಂತಳು. ಮುಖದ ಮಾಸ್ಕಿನ ಮೇಲೆ ಕೈ ಒತ್ತಿಕೊಂಡಳು.

"ಅಕ್ಕಾ, ಏನಿದು? ಮೆಟ್ಟಿಲ ತನಕ ಬರ್ತಿದೆ. ನಿಮಗೆ ಮೂಗಿಲ್ವಾ?"

ಅಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಓಡಿಹೋಗಿ ಹೊದಿಕೆ ತೆಗೆದಳು. ಬೆನ್ನಿನವರೆಗೂ ಆಗಿತ್ತು, ಅಂಚೆಲ್ಲ ಒಣಗಿತ್ತು. ಮಧ್ಯಾಹ್ನಕ್ಕೂ ಮುಂಚೆ ಆದದ್ದು. ಮಾಯುತ್ತಿದ್ದ ಹುಣ್ಣಿನ ಸುತ್ತ ಚರ್ಮ ಕೆಂಪಗೆ ಕಿತ್ತುಬಂದಿತ್ತು. ಟೀಚರಮ್ಮ ಎಚ್ಚರವಾಗೇ ಇದ್ದರು. ಕಣ್ಣು ನೆಟ್ಟಗೆ ಗೋಡೆಯ ಮೇಲೆ.

"ಇಲ್ಲ," ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. "ನನಗೆ ಮೂಗಿಲ್ಲ. ಕಾಯಿಲೆಯಲ್ಲಿ ಹೋಯ್ತು. ಏನೂ ಗೊತ್ತಾಗಲ್ಲ. ರುಚಿಯೂ ಗೊತ್ತಾಗಲ್ಲ."

ಮಗಳು ಬ್ಯಾಗು ಕೆಳಗಿಟ್ಟು ಬಿಸಿನೀರು ತರಲು ಹೋದಳು. ಆಗ ಟೀಚರಮ್ಮ ತಲೆ ತಿರುಗಿಸಿ ಅಕ್ಕನನ್ನು ನೋಡಿದರು.

"ಹಂಗಾದ್ರೆ ನೀನು ಬೇಕಂತ ಬಿಟ್ಟಿರಲಿಲ್ವಾ?"

"ಅಯ್ಯೋ! ಬೇಕಂತ ಯಾರಾದ್ರೂ..."

"ಉಪ್ಪಿಗೆ ಬೈದೆ ನೋಡು. ಅದರ ಸಿಟ್ಟು ತೀರಿಸ್ಕೊತಿದ್ದಾಳೆ, ಬಿದ್ದಿರಲಿ ಮುದುಕಿ ಅಂತ ಬಿಟ್ಟಿದ್ದಾಳೆ ಅನ್ಕೊಂಡೆ. ನಾನೂ ಹಟಕ್ಕೆ ಬಿದ್ದೆ. ಕೇಳಬಾರದು ಅಂತ."

ಅಕ್ಕ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಇಡೀ ಮಧ್ಯಾಹ್ನ, ಕೈಯಳತೆಯ ದೂರದಲ್ಲಿ ತಾನು ಬಟ್ಟೆ ಮಡಿಸುತ್ತಿದ್ದಾಗ, ಈ ಜೀವ ಅದರಲ್ಲೇ ಮಲಗಿ ತನ್ನನ್ನು ಕಟುಕಿಯೆಂದುಕೊಂಡಿತ್ತು. ಅಳು ಬರಬೇಕಿತ್ತು, ಅದಕ್ಕೂ ಸುಸ್ತು. ಎದ್ದು ಮಗಳೊಡನೆ ಸೇರಿ ತೊಳೆದಳು, ಒರೆಸಿದಳು, ಮುಲಾಮು ಹಚ್ಚಿದಳು. ಆ ದಿನ ನಾಯಿಯ ವಿಷಯವನ್ನೂ ಎತ್ತಲಿಲ್ಲ, ಲಿಫ್ಟಿನ ವಿಷಯವನ್ನೂ ಎತ್ತಲಿಲ್ಲ.

ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. "ಅಕ್ಕಾ, ಮೊದಲೇ ಒಂದು ಮಾತು ಹೇಳಬೇಕಿತ್ತು. ಈಗ ನಾನೇನು ಮಾಡಲಿ ಹೇಳಿ. ಬೇರೆಯವರನ್ನ ನೋಡಬೇಕಾಗುತ್ತೇನೋ."

ಒಳಗಿನಿಂದ ತರಗತಿಯ ಹಿಂದಿನ ಬೆಂಚಿಗೂ ಕೇಳುವಂಥ ದನಿ ಬಂತು: "ಯಾರನ್ನೂ ನೋಡಬೇಡ. ಮೂಗು ಹೋದರೆ ನನ್ನ ಬಾಯಿ ಇದೆ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಮಾರನೆಯ ದಿನದಿಂದ ಅಕ್ಕ ಗಳಿಗೆಗೊಮ್ಮೆ ಹೊದಿಕೆ ಎತ್ತಿ ನೋಡತೊಡಗಿದಳು, ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. "ನಾನೇನು ಒಲೆ ಮೇಲಿಟ್ಟ ಹಾಲಾ?" ಆದರೆ ಬಾಯಿಬಿಟ್ಟು ಹೇಳಲು ಅವರಿಗೆ ಆಗುತ್ತಿರಲಿಲ್ಲ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಲೋಟ ಹಾಗೇ ಉಳಿದದ್ದನ್ನು ಕಂಡು ಅಕ್ಕ ತಲೆ ಚಚ್ಚಿಕೊಂಡಳು.

"ಟೀಚರಮ್ಮ, ಹೇಳೋಕೆ ನಾಚಿಕೆ ಆದ್ರೆ ಬೇರೆ ಏನಾದ್ರೂ ಹೇಳಿ. ನಂಗೆ ಅರ್ಥ ಆದ್ರೆ ಸಾಕು."

ಟೀಚರಮ್ಮ ಸಂಜೆಯ ಹೊತ್ತಿಗೆ ಕಿಟಕಿಯ ಕಡೆ ತಿರುಗಿ, "ಹುಡುಗಿ, ನೆಂಟರು ಬಂದಿದ್ದಾರೆ" ಎಂದರು.

ಅಕ್ಕ ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಟೀಚರಮ್ಮನ ಬಾಯಿಯ ನೆಟ್ಟಗಿದ್ದ ಮೂಲೆ ಅದುರುತ್ತಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಾಯಿಲೆ ಬಿಟ್ಟ ಮೇಲೆ ಅಕ್ಕ ನಕ್ಕದ್ದು ಅದೇ ಮೊದಲು, ನಕ್ಕು ನಕ್ಕು ಕೆಮ್ಮು ಬಂತು. ಅಂದಿನಿಂದ ನೆಂಟರಲ್ಲೇ ದೂರದವರು, ಹತ್ತಿರದವರು ಎಂದು ಎರಡು ಬಗೆಯಾದವು.

ಡಾಕ್ಟರು ಅವಳಿಗೆ ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಗುಲಾಬಿ ನೀರು ಇವನ್ನು ದಿನಾ ಮೂಸಿ ನೆನಪಿಸಿಕೊಳ್ಳಲು ಹೇಳಿದರು. "ಬರಬಹುದು. ಯಾವಾಗ ಅಂತ ನಾನು ಹೇಳೋಕಾಗಲ್ಲಮ್ಮ." ವಿಷಯ ಕೇಳಿದ್ದೇ ತಡ ಟೀಚರಮ್ಮ ಪಾಠವನ್ನು ಕೈಗೆತ್ತಿಕೊಂಡರು. ಅಕ್ಕ ಕಣ್ಣು ಮುಚ್ಚಬೇಕು, ಅವರು ಬಲಗೈಯಲ್ಲಿ ಸೀಸೆ ಹಿಡಿಯಬೇಕು.

"ಯಾವುದು?"

"ಲವಂಗ?"

"ನಿಂಬೆ. ಸೊನ್ನೆ. ಹಾಜರಿಗೆ ಒಂದು ಅಂಕ ಕೊಡ್ತೀನಿ, ಹೋಗು."

ತಿಂಗಳುಗಳು ಹೋದವು, ಹಾಜರಿಯ ಅಂಕದ ಮೇಲೆ ಏರಲಿಲ್ಲ. ಆಮೇಲೆ ವಾಸನೆ ಬರತೊಡಗಿದಾಗ ಬಾರದಿದ್ದರೇ ಚೆನ್ನಾಗಿತ್ತು ಎನಿಸಿತು. ಎಲ್ಲ ಬುಡಮೇಲಾಗಿ ಬಂತು. ಕಾಫಿ ಸುಟ್ಟ ರಬ್ಬರಿನಂತೆ. ಈರುಳ್ಳಿ ಹುರಿದರೆ ಕೊಳೆತ ಮಾಂಸ. ಸೋಪಿನ ನೊರೆಗೆ ವಾಂತಿ ಒತ್ತರಿಸಿ ಬರುತ್ತಿತ್ತು. ಬ್ರೆಡ್ಡು, ಮೊಸರು, ತಣ್ಣನೆಯ ಅನ್ನ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯದೆ ರವಿಕೆಗಳೆಲ್ಲ ಸಡಿಲವಾದವು. ಎಲ್ಲಕ್ಕಿಂತ ಕಷ್ಟದ್ದು ಗಂಡನ ಮೈವಾಸನೆ. ಅವನು ಪಕ್ಕಕ್ಕೆ ಬಂದರೆ ಮೋರಿಯ ಪಕ್ಕ ನಿಂತಂತಾಗುತ್ತಿತ್ತು. ಅವಳು ಚಾಪೆಯನ್ನು ಅಡುಗೆಮನೆಗೆ ಒಯ್ದಳು.

"ಮೂರು ಸಲ ಸ್ನಾನ ಮಾಡ್ತೀನಿ, ಇನ್ನೇನು ಮಾಡ್ಲಿ?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಿಮ್ಮದೇನೂ ತಪ್ಪಿಲ್ಲ ರೀ. ನನ್ನ ತಲೆ ಕೆಟ್ಟಿದೆ, ಮೂಗಲ್ಲ."

"ಹಂಗಂದ್ರೆ ಬೇಜಾರಾಗಲ್ಲ ಅನ್ಕೊಂಡ್ಯಾ?"

ಅವನು ತಾನೇ ಅಡುಗೆ ಮಾಡಿಕೊಂಡು, ಒಗ್ಗರಣೆ ಹಾಕುವಾಗ ಅವಳನ್ನು ತಾರಸಿಗೆ ಕಳಿಸಿ, ತಣ್ಣಗಾದ ಮೇಲೆ ಕೂಗುತ್ತಿದ್ದ. ಒಂದು ದಿನವೂ ಎದುರಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಭಾರವಾಗಿತ್ತು. ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಟೀಚರಮ್ಮ ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಒಂದು ಮಧ್ಯಾಹ್ನ ಊಟದ ನಂತರ ಮಲಗಿದವರು ಏಳಲಿಲ್ಲ. ಮೈ ತೊಳೆಯಲು ಮಗಳು ಬೇರೆ ಯಾರನ್ನೂ ಕರೆಯಲಿಲ್ಲ. ಇಬ್ಬರೂ ಸೇರಿ ತೊಳೆದರು. ಬೆನ್ನಿನ ಹುಣ್ಣು ಪೂರ್ತಿ ಮಾಯ್ದು, ಅಲ್ಲಿ ತೆಳ್ಳನೆಯ ಹೊಸ ಚರ್ಮವಿತ್ತು. ಮಗಳು ಅದರ ಮೇಲೆ ಬೆರಳಿಟ್ಟು, "ನೀವು ವಾಸಿ ಮಾಡಿದ್ರಿ ಅಕ್ಕಾ" ಎಂದಳು.

ಅಷ್ಟು ಹೊತ್ತಿಗೆ ಮೂಗು ಅರ್ಧಂಬರ್ಧ ಸರಿಯಾಗಿತ್ತು. ಗಂಡನ ಮೈಯಿಂದ ಬರುತ್ತಿದ್ದ ಆ ನಾತ ಯಾವಾಗ ಹೋಯಿತೋ ಅವಳಿಗೇ ತಿಳಿಯದು. ಒಂದು ಭಾನುವಾರ ಅವನು ವ್ಯಾನು ರಿಪೇರಿ ಮಾಡಿ ಬಂದು ಪಕ್ಕದಲ್ಲಿ ಕೂತಿದ್ದ. ಡೀಸೆಲ್ಲು, ಬೆವರು, ಬಿಸಿಲು ಸೇರಿದ ಹಳೆಯ ವಾಸನೆ ಬರುತ್ತಿತ್ತು. ಆ ರಾತ್ರಿ ಅವಳು ಚಾಪೆಯನ್ನು ಒಳಗೆ ತಂದು ಹಾಸಿದಳು. ಕಾಫಿ ಮಾತ್ರ ಇಂದಿಗೂ ಸುಟ್ಟ ರಬ್ಬರೇ. ಬಿಟ್ಟುಬಿಟ್ಟಳು.

ಈಗ ಅವಳು ಇನ್ನೊಂದು ಬೀದಿಯ ಮನೆಗೆ ಹೋಗುತ್ತಾಳೆ. ಸೊಂಟ ಮುರಿದುಕೊಂಡ ಒಬ್ಬ ದರ್ಜಿ, ಮಾತು ಕಡಿಮೆ. ಮೊದಲ ದಿನ ಬಾಗಿಲಲ್ಲೇ ನಿಂತು ಅವರ ಸೊಸೆಗೆ ಹೇಳಿದಳು:

"ನೋಡಮ್ಮ, ನನ್ನ ಮೂಗು ಅರ್ಧ ಕೆಲಸ ಮಾಡುತ್ತೆ. ಹೊತ್ತು ಹೊತ್ತಿಗೆ ನಾನೇ ಬಟ್ಟೆ ಎತ್ತಿ ನೋಡ್ತೀನಿ, ನಿಮ್ಮ ಮಾವ ಬೇಜಾರು ಮಾಡ್ಕೋಬಾರದು. ಗ್ಯಾಸ್ ನೀವೇ ನೋಡ್ಕೋಬೇಕು. ಇದಕ್ಕೆ ಒಪ್ಪಿಗೆ ಇದ್ರೆ ಬರ್ತೀನಿ."

ಸೊಸೆ ಕಂಕುಳ ಮಗುವನ್ನು ಆ ಕಡೆಯಿಂದ ಈ ಕಡೆಗೆ ಹಾಕಿಕೊಂಡಳು. ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲು.

"ಬನ್ನಿ ಅಕ್ಕಾ. ಎರಡು ಕೈ ಇದೆಯಲ್ಲ, ಸಾಕು."

ಅಕ್ಕ ಚಪ್ಪಲಿ ಬಿಟ್ಟು, ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದಳು.